ತಾರೆಗಳ ದೂರವನ್ನರಿತ ವೈನು ಬಾಪ್ಪು

ಕ್ರಿಸ್ತಜಯಂತಿಯ ಗೋದಲಿಗಳನ್ನು ನಮ್ಮ ಮನೆಗಳಲ್ಲಿ ಇನ್ನೂ ತೆಗೆದಿಲ್ಲ. ಸಕಲೇಶಪುರ, ಆಲೂರು ಸೀಮೆಯ ಸೂರುಗಳಲ್ಲಿ ಕಾಗದದ ನಕ್ಷತ್ರದೀಪಗಳು ಇನ್ನೂ ತೂಗುತ್ತಿವೆ. ಪೂರ್ವದೇಶದ ಜ್ಞಾನಿಗಳು ಒಂದು ತಾರೆಯನ್ನು ಕಂಡು ದೂರದ ದಾರಿಯನ್ನು ನಡೆದು ಬಂದುದನ್ನು ಸ್ಮರಿಸುವ ಮೂರು ರಾಯರ ಹಬ್ಬದ ಸಾಂಪ್ರದಾಯಿಕ ದಿನ ಜನವರಿ 6. ಅದೇ ದಿನ, 1986ರಲ್ಲಿ, ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು 2.34 ಮೀಟರ್ ವ್ಯಾಸದ ದರ್ಪಣವುಳ್ಳ ದೂರದರ್ಶಕವನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಅದಕ್ಕೆ ವೈನು ಬಾಪ್ಪು ಎಂದು ಹೆಸರಿಡಲಾಯಿತು. ಆ ಹೆಸರನ್ನು ಹೊತ್ತಿದ್ದ ಮನುಷ್ಯ ಮಾತ್ರ ಅದನ್ನು ಕಾಣಲು ಅಂದು ಬದುಕಿರಲಿಲ್ಲ. ಈ ವಾರ ನಾವು ಅವರ ಬಾಳನ್ನು ನೆನೆಯೋಣ.

ಮನಾಲಿ ಕಲ್ಲಾಟ್ ವೈನು ಬಾಪ್ಪು ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನೌಕರಿಯಲ್ಲಿದ್ದರು. ಹೀಗಾಗಿ ದೂರದರ್ಶಕವು ಮಗನಿಗೆ ಬಾಲ್ಯದಲ್ಲೇ ಪರಿಚಿತವಾಯಿತು. ಹೈದರಾಬಾದಿನಲ್ಲಿ ವ್ಯಾಸಂಗ ಮುಗಿಸಿದ ತರುಣನು ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅದೇ ವರ್ಷ ಜುಲೈ ತಿಂಗಳಲ್ಲಿ, ಛಾಯಾಚಿತ್ರದ ಫಲಕವೊಂದರಲ್ಲಿ, ಅದುವರೆಗೆ ಯಾರೂ ಗುರುತಿಸದ ಧೂಮಕೇತುವೊಂದು ಆತನ ಕಣ್ಣಿಗೆ ಬಿತ್ತು. ಇಂದಿಗೂ ಅದು ಬಾಪ್ಪು-ಬೋಕ್-ನ್ಯೂಕರ್ಕ್ ಧೂಮಕೇತುವೆಂದೇ ಪ್ರಸಿದ್ಧ.

ಆದರೆ ಅವರ ಹೆಸರನ್ನು ಜಗತ್ತಿನ ಪಠ್ಯಗ್ರಂಥಗಳಿಗೆ ಸೇರಿಸಿದ್ದು ತಾರೆಗಳ ದೂರಕ್ಕೆ ಸಂಬಂಧಿಸಿದ ಬೇರೊಂದು ಸಂಶೋಧನೆ. ಅದನ್ನು ತಿಳಿಯಲು ಮೊದಲು ಆಕಾಶದ ಅಳತೆಯನ್ನು ಸ್ವಲ್ಪ ಅರಿಯಬೇಕು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಚಂದ್ರನಿಂದ ನಮ್ಮನ್ನು ಮುಟ್ಟಲು ಅದಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಸಾಕು. ಸೂರ್ಯನಿಂದ ಸುಮಾರು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ತಾರೆಯಿಂದ ನಾಲ್ಕು ವರ್ಷಕ್ಕೂ ಮಿಕ್ಕಿದ ಕಾಲ ಬೇಕು. ಬೆಳಕು ಒಂದು ವರ್ಷದಲ್ಲಿ ಸಾಗುವ ಈ ದೂರವನ್ನೇ ಜ್ಯೋತಿರ್ವರ್ಷವೆನ್ನುತ್ತಾರೆ.

ಅಷ್ಟು ದೂರವನ್ನು ಅಳೆಯುವುದು ಹೇಗೆ? ಹೆಬ್ಬೆರಳನ್ನು ಮುಂದೆ ಚಾಚಿ, ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿದರೆ ಬೆರಳು ಸ್ಥಳ ಬದಲಿಸಿದಂತೆ ತೋರುತ್ತದೆ. ಭೂಮಿಯು ಸೂರ್ಯನ ಒಂದು ಬದಿಯಲ್ಲಿರುವಾಗಲೂ ಆರು ತಿಂಗಳ ಬಳಿಕ ಇನ್ನೊಂದು ಬದಿಯಲ್ಲಿರುವಾಗಲೂ ನೋಡಿದರೆ ಹತ್ತಿರದ ತಾರೆಗಳೂ ಹಾಗೆಯೇ ಅತ್ಯಲ್ಪ ಸರಿದಂತೆ ಕಾಣುತ್ತವೆ. ಆದರೆ ಬಾಪ್ಪು ಅವರ ಕಾಲದಲ್ಲಿ ಈ ವಿಧಾನವು ನೆರೆಯ ತಾರೆಗಳಿಗೆ ಮಾತ್ರ ನಂಬಲರ್ಹವಾಗಿತ್ತು. ಇನ್ನೊಂದು ಹಾದಿಯಿತ್ತು. ಬಿಸಿಲೆಯ ಕಡೆಯ ತೋಟದ ಮನೆಯ ಅಂಗಳದಲ್ಲಿ ನಿಂತು ಎದುರು ದಿಣ್ಣೆಯ ದೀಪವನ್ನು ನೋಡುವವನಿಗೆ, ಅದು ಎಷ್ಟು ಶಕ್ತಿಯ ದೀಪವೆಂಬುದು ತಿಳಿದರೆ, ಅದರ ಮಂಕುತನದಿಂದಲೇ ದೂರವನ್ನು ಲೆಕ್ಕ ಹಾಕಬಹುದು. ತಾರೆಯ ನಿಜವಾದ ಪ್ರಕಾಶವನ್ನು ತಿಳಿಸುವವರಾರು ಎಂಬುದೇ ತೊಡಕಾಗಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಓಲಿನ್ ವಿಲ್ಸನ್ ಅವರೊಡನೆ ಕೆಲಸ ಮಾಡುತ್ತ ಬಾಪ್ಪು ಅವರು ಆ ಗುಟ್ಟನ್ನು ಬೆಳಕಿನೊಳಗೇ ಕಂಡರು. ರೋಹಿಣಿಯಂಥ ಕೆಂಬಣ್ಣದ ತಾರೆಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕ್ಯಾಲ್ಸಿಯಂ ಮೂಲವಸ್ತುವಿನ ಕಪ್ಪು ಗೆರೆಯ ನಡುವೆ ಒಂದು ಸಣ್ಣ ಹೊಳಪು ತೋರುತ್ತದೆ. ಆ ಹೊಳಪು ಅಗಲವಾದಷ್ಟೂ ತಾರೆಯ ನಿಜಪ್ರಕಾಶ ಹೆಚ್ಚು. 1957ರಲ್ಲಿ ಪ್ರಕಟವಾದ ಈ ಸಂಬಂಧವನ್ನು ವಿಜ್ಞಾನಿಗಳು ವಿಲ್ಸನ್-ಬಾಪ್ಪು ಪರಿಣಾಮವೆಂದು ಕರೆಯುತ್ತಾರೆ. ಮುಂದೆ 2013ರಲ್ಲಿ ಹಾರಿದ ಐರೋಪ್ಯ ಉಪಗ್ರಹ ಗಾಯಾ ನೂರು ಕೋಟಿಗೂ ಮಿಕ್ಕಿದ ತಾರೆಗಳ ಸ್ಥಾನವನ್ನು ಅಳೆಯಿತು. ಆದರೂ ಒಂದು ಗೆರೆಯ ಅಗಲದಿಂದ ತಾರೆಯ ದೂರವನ್ನು ಓದಿದವರ ಸೂಕ್ಷ್ಮದೃಷ್ಟಿಗೆ ನಾವು ತಲೆಬಾಗಲೇಬೇಕು.

ಇಂಥ ಕೀರ್ತಿಗೆ ಪಾತ್ರರಾಗುವವರು ಅಮೆರಿಕದಲ್ಲೇ ನೆಲೆಸಬಹುದಿತ್ತು. ಆದರೆ ತಾರೆಯನ್ನರಸಿ ಹೋದ ಆ ಜ್ಞಾನಿಗಳಂತೆ ಬಾಪ್ಪು ಅವರೂ 1953ರಲ್ಲಿ ತಮ್ಮ ನಾಡಿಗೆ ಮರಳಿದರು. ಇಲ್ಲಿ ಅವರಿಗಾಗಿ ದೊಡ್ಡ ಉಪಕರಣಗಳೇನೂ ಕಾದಿರಲಿಲ್ಲ. ಉತ್ತರ ಪ್ರದೇಶದ ವೀಕ್ಷಣಾಲಯವನ್ನು ನೈನಿತಾಲಿನಲ್ಲಿ ಕಟ್ಟಿ ನಿಲ್ಲಿಸಿ, 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ದಕ್ಷಿಣದ ಗಗನವೂ ಚೆನ್ನಾಗಿ ತೋರುವ, ಊರದೀಪಗಳು ಕಣ್ಣು ಕುಕ್ಕದ ಎಡೆಯನ್ನು ಹುಡುಕಿ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿದ್ದು 38 ಸೆಂಟಿಮೀಟರಿನ ಚಿಕ್ಕ ದೂರದರ್ಶಕ, ಕೊಡೈಕೆನಾಲಿನಲ್ಲಿ ಸಿದ್ಧವಾದದ್ದು. 1972ರಲ್ಲಿ ಒಂದು ಮೀಟರಿನದು ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಉಂಗುರಗಳು ಜಗತ್ತಿಗೆ ಗೋಚರವಾದ ರಾತ್ರಿ ಕಾವಲೂರಿನವರೂ ಆ ಗ್ರಹವನ್ನು ಗಮನಿಸುತ್ತಿದ್ದರು.

1971ರಲ್ಲಿ ಭಾರತೀಯ ಖಭೌತ ಸಂಸ್ಥೆಯು ಸ್ವಾಯತ್ತವಾಯಿತು. ಕೆಲವು ವರ್ಷಗಳಲ್ಲಿ ಅದರ ಕೇಂದ್ರವು ಬೆಂಗಳೂರಿನ ಕೋರಮಂಗಲಕ್ಕೆ ಬಂದು, ಬಾಪ್ಪು ಅವರ ಕಾರ್ಯಕ್ಷೇತ್ರ ನಮ್ಮ ಕರ್ನಾಟಕವಾಯಿತು. ದೊಡ್ಡ ದೂರದರ್ಶಕವನ್ನು ಹೊರದೇಶದಿಂದ ಕೊಂಡು ತರುವ ಬದಲು ನಮ್ಮವರೇ ರೂಪಿಸಿ ಕಟ್ಟಬೇಕೆಂಬುದು ಅವರ ಹಟ. ಅದರ ದರ್ಪಣವನ್ನು ಸಂಸ್ಥೆಯವರೇ ಉಜ್ಜಿ ನಯಗೊಳಿಸಿದರು. ಆ ಕೆಲಸಕ್ಕೆ ವರ್ಷಗಳ ತಾಳ್ಮೆ ಬೇಕಾಯಿತು.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1982ರ ಆಗಸ್ಟ್‌ನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸಿನ ಪತ್ರಾಸ್ ನಗರದಲ್ಲಿ ಸೇರಿದಾಗ ಅಧ್ಯಕ್ಷರು ಜರ್ಮನಿಯ ಮ್ಯೂನಿಕ್‌ನಲ್ಲಿ ಹೃದ್ರೋಗದ ಚಿಕಿತ್ಸೆಯಲ್ಲಿದ್ದರು. ಆಗಸ್ಟ್ 19ರಂದು ಅಲ್ಲಿಯೇ ಕೊನೆಯುಸಿರೆಳೆದರು. ಅವರಿಗಾಗ 55 ವರ್ಷ. ದೂರದರ್ಶಕ ಇನ್ನೂ ಪೂರ್ಣಗೊಂಡಿರಲಿಲ್ಲ. ಅದನ್ನು ಮುಗಿಸಿದವರು ಅವರು ತರಬೇತುಗೊಳಿಸಿದ ಕೈಗಳು. ಬಿತ್ತುವವನೊಬ್ಬ, ಕೊಯ್ಯುವವನು ಮತ್ತೊಬ್ಬನೆಂಬುದು ನಮಗೆ ಹೊಸ ಮಾತಲ್ಲ. ತೋಟಕ್ಕೆ ನೆರಳಿನ ಮರ ನೆಟ್ಟ ಹಿರಿಯರನ್ನು ಬಲ್ಲ ನಾವು ಇದನ್ನು ಚೆನ್ನಾಗಿ ಅರಿತಿದ್ದೇವೆ.

ಕಾವಲೂರೂ ನಮ್ಮ ಬಿಸಿಲೆಯೂ ಬಹುಮಟ್ಟಿಗೆ ಒಂದೇ ಅಕ್ಷಾಂಶದಲ್ಲಿವೆ. ಅವರು ಕಂಡ ತಾರೆಗಳೇ ನಮ್ಮ ತಲೆಯ ಮೇಲೂ ಹಾಯುತ್ತವೆ. ಮಳೆ ಹಿಂದೆ ಸರಿದ ಈ ದಿನಗಳಲ್ಲಿ, ಚಂದ್ರನಿಲ್ಲದ ರಾತ್ರಿ ಎಂಟರ ಸುಮಾರಿಗೆ, ಮನೆಯ ದೀಪವನ್ನು ಆರಿಸಿ ಅಂಗಳಕ್ಕೆ ಬನ್ನಿ. ಕಾಡಾನೆಗಳ ಸಂಚಾರವುಳ್ಳ ಸೀಮೆಯಾದ್ದರಿಂದ ಅಂಗಳವನ್ನು ದಾಟುವುದು ಬೇಡ. ಕಣ್ಣು ಕತ್ತಲೆಗೆ ಒಗ್ಗಲು ಕಾಲು ಗಂಟೆ ಕಾಯಿರಿ. ನೆತ್ತಿಯ ಬಳಿ ಕೃತ್ತಿಕೆಯ ಪುಟ್ಟ ಗೊಂಚಲು. ಅದರ ದೂರ ಸುಮಾರು 440 ಜ್ಯೋತಿರ್ವರ್ಷ. ಪೂರ್ವಕ್ಕೆ ತುಸು ಕೆಳಗೆ ಕೆಂಪಗೆ ರೋಹಿಣಿ. ಅದರಾಚೆ ಮಹಾವ್ಯಾಧ; ಇನ್ನೂ ಕೆಳಗೆ, ಆಗ್ನೇಯದ ಕಡೆಗೆ, ಎಲ್ಲಕ್ಕಿಂತ ಪ್ರಕಾಶಮಾನವಾದ ಲುಬ್ಧಕ, ದೂರ 8.6 ಜ್ಯೋತಿರ್ವರ್ಷ. ವಾಯವ್ಯದಲ್ಲಿ ಮಬ್ಬು ಚುಕ್ಕೆಯಂತೆ ತೋರುವುದು ದೇವಯಾನಿ ನಕ್ಷತ್ರಪುಂಜದ ಮಹಾಗೆಲಾಕ್ಸಿ; ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾದವು.

ರೋಹಿಣಿಯನ್ನು ಮತ್ತೊಮ್ಮೆ ನೋಡಿ. ಅದರ ದೂರ ಸುಮಾರು 65 ಜ್ಯೋತಿರ್ವರ್ಷ. ಈಗ ನಮ್ಮ ಕಣ್ಣನ್ನು ಮುಟ್ಟುವ ಕಿರಣ ಅಲ್ಲಿಂದ ಹೊರಟಾಗ ವೈನು ಬಾಪ್ಪು ಕೊಡೈಕೆನಾಲಿಗೆ ಬಂದು ಕೆಲಸ ಆರಂಭಿಸುವ ಕಾಲ. ಕಿರಣ ದಾರಿಯಲ್ಲಿರುವಾಗಲೇ ಅವರ ಬಾಳು ಮುಗಿಯಿತು; ಬೆಳಕು ಮಾತ್ರ ಈಗ ಬಂದು ಸೇರಿದೆ. ನಮ್ಮ ಮಕ್ಕಳಿಗೆ ಆ ತಾರೆಯನ್ನು ತೋರಿಸಿ, ಅದರ ಜೊತೆಗೆ ಈ ಹೆಸರನ್ನೂ ಹೇಳೋಣ.