ರಕ್ತದಲ್ಲಿ ಸುಳಿವು ಹುಡುಕಿದ ಜೂಲ್ಸ್ ಬೋರ್ಡೆ

ಮಕ್ಕಳೇ, ವೈರಸ್ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಾಣದಷ್ಟು ಚಿಕ್ಕದು. ಅದು ದೇಹವನ್ನು ಹೊಕ್ಕಿದೆಯೆಂದು ತಿಳಿಯುವುದು ಹೇಗೆ? ದಾರಿ ತೋರಿದವರಲ್ಲಿ ಒಬ್ಬರು ಜೂಲ್ಸ್ ಬೋರ್ಡೆ.

ಇವರು 1870ರಲ್ಲಿ ಬೆಲ್ಜಿಯಂ ದೇಶದಲ್ಲಿ ಜನಿಸಿದರು. ವೈದ್ಯರಾಗಿ, 1894ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ರೋಗಾಣು ಹೊಕ್ಕಾಗ ದೇಹವು ಅದನ್ನು ಎದುರಿಸಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಪ್ರತಿಕಾಯಗಳಿಗೆ ನೆರವಾಗುವ ಅಂಶವೊಂದು ರಕ್ತದಲ್ಲಿದೆ ಎಂದು ಬೋರ್ಡೆ ತೋರಿಸಿದರು. ಅದನ್ನು ಈಗ ಕಾಂಪ್ಲಿಮೆಂಟ್ ಎನ್ನುತ್ತೇವೆ.

1901ರಲ್ಲಿ ಅವರು ಆಕ್ಟೇವ್ ಜೆಂಗೂ ಜೊತೆಗೂಡಿ ಪರೀಕ್ಷೆಯೊಂದನ್ನು ರೂಪಿಸಿದರು. ರೋಗಿಯ ಸೀರಮ್‌ಗೆ ಗೊತ್ತಿರುವ ರೋಗಾಣುವನ್ನೂ ಕಾಂಪ್ಲಿಮೆಂಟನ್ನೂ ಸೇರಿಸಬೇಕು. ಸೀರಮ್‌ನಲ್ಲಿ ಆ ರೋಗಾಣುವಿನ ಪ್ರತಿಕಾಯ ಇದ್ದರೆ ಕಾಂಪ್ಲಿಮೆಂಟ್ ಅಲ್ಲೇ ಮುಗಿದುಹೋಗುತ್ತದೆ. ಆಮೇಲೆ ಹಾಕುವ, ಮೊದಲೇ ಸಿದ್ಧಪಡಿಸಿದ ಕೆಂಪು ರಕ್ತಕಣಗಳು ಒಡೆಯುವುದಿಲ್ಲ. ಪ್ರತಿಕಾಯ ಇಲ್ಲದಿದ್ದರೆ ಕಣಗಳು ಒಡೆದು ದ್ರವವೆಲ್ಲ ಕೆಂಪಾಗುತ್ತದೆ!

ಮುಂದೆ ಫ್ಲೂ, ಮಂಗನಬಾವಿನಂತಹ ವೈರಸ್ ರೋಗಗಳ ಪತ್ತೆಗೂ ಈ ವಿಧಾನ ಬಳಕೆಗೆ ಬಂತು. ಬೋರ್ಡೆಯವರಿಗೆ 1919ರ ನೊಬೆಲ್ ಪ್ರಶಸ್ತಿ ಸಂದಿತು. 1961ರಲ್ಲಿ ಅವರು ತೀರಿಕೊಂಡರು.

ಇಂದು ಡೆಂಗಿ ಪತ್ತೆಗೆ ಬೇರೆ ಪರೀಕ್ಷೆಗಳಿವೆ. ಅವುಗಳಲ್ಲಿ ಕೆಲವು ಹುಡುಕುವುದೂ ಪ್ರತಿಕಾಯವನ್ನೇ. ಆದರೆ ಪ್ರತಿಕಾಯ ತಯಾರಾಗಲು ಕೆಲವು ದಿನ ಬೇಕು. ಆದ್ದರಿಂದ ವೈದ್ಯರು ಮತ್ತೊಮ್ಮೆ ರಕ್ತ ಕೇಳಿದರೆ ಹೆದರದೆ ಕೊಡಿ.