ವಿಕಿರಣದ ಜೊತೆ ಬಾಳಿದ ಮೇರಿ ಕ್ಯೂರಿ

ಮಕ್ಕಳೇ, ಎಕ್ಸ್-ರೇ ತೆಗೆಯುವವರು ಗುಂಡಿ ಒತ್ತುವ ಮೊದಲು ಮರೆಗೆ ಹೋಗಿ ನಿಲ್ಲುವುದನ್ನು ನೀವು ಗಮನಿಸಿದ್ದೀರಾ? ಏಕಿರಬಹುದು? ಮೇರಿ ಕ್ಯೂರಿಯವರ ಜೀವನ ತಿಳಿದರೆ ಉತ್ತರ ಸಿಗುತ್ತದೆ.

ಮೇರಿ 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ 1891ರಲ್ಲಿ ಪ್ಯಾರಿಸಿಗೆ ಹೋಗಿ ಓದಿದರು. ಪತಿ ಪಿಯರಿ ಕ್ಯೂರಿಯವರೊಡನೆ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಕಂಡುಹಿಡಿದರು. 1903ರಲ್ಲಿ ಭೌತವಿಜ್ಞಾನಕ್ಕೆ, 1911ರಲ್ಲಿ ರಸಾಯನವಿಜ್ಞಾನಕ್ಕೆ ನೊಬೆಲ್ ಬಹುಮಾನ ಪಡೆದರು.

ಪಿಯರಿ ತಮ್ಮ ತೋಳಿನ ಮೇಲೆ ರೇಡಿಯಂ ಇಟ್ಟುಕೊಂಡು ಪರೀಕ್ಷಿಸಿದರು. ಚರ್ಮ ಸುಟ್ಟು ಗಾಯವಾಯಿತು. ಅದು ಮಾಯಲು ವಾರಗಳೇ ಬೇಕಾದವು. ಚರ್ಮವನ್ನು ಸುಡುವ ಕಿರಣ ಕ್ಯಾನ್ಸರ್ ಗಡ್ಡೆಯನ್ನೂ ಸುಡಬಲ್ಲದೆಂದು ವೈದ್ಯರು ಅರಿತರು. ಹೀಗೆ ರೇಡಿಯಂ ಚಿಕಿತ್ಸೆ ಬೆಳೆಯಿತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಮೇರಿ ಮೋಟಾರು ವಾಹನಗಳಲ್ಲಿ ಎಕ್ಸ್-ರೇ ಯಂತ್ರ ಕೂರಿಸಿ ರಣರಂಗದ ಬಳಿಗೇ ಒಯ್ದರು. ಹದಿಹರೆಯದ ಮಗಳು ಐರೀನ್ ನೆರವಾದಳು. ಸೈನಿಕರ ದೇಹದೊಳಗಿನ ಗುಂಡು ಎಲ್ಲಿದೆಯೆಂದು ತಿಳಿದು, ಅನೇಕರ ಜೀವ ಉಳಿಯಿತು. ಆದರೆ ತಾಯಿ-ಮಗಳಿಗೆ ಸಾಕಷ್ಟು ರಕ್ಷಣೆ ಇರಲಿಲ್ಲ.

1934ರ ಜುಲೈ 4ರಂದು, 66ನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡರು. ಅವರ ಅಸ್ಥಿಮಜ್ಜೆ ಹೊಸ ರಕ್ತಕಣಗಳನ್ನು ತಯಾರಿಸುವ ಶಕ್ತಿ ಕಳೆದುಕೊಂಡಿತ್ತು. ಐರೀನ್ 1956ರಲ್ಲಿ, 58ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ನಿಧನರಾದರು.

ಇಷ್ಟು ವರ್ಷ ವಿಕಿರಣದ ನಡುವೆ ಇದ್ದೂ ಮೇರಿ 66 ವರ್ಷ ಬದುಕಿದರಲ್ಲ, ಹಾಗಾದರೆ ಅಪಾಯವೇನೂ ಇಲ್ಲವೆನ್ನಬಹುದೆ? ಹಾಗೆನ್ನಲಾಗದು. ಯಾರ ಮೈಗೆ ಎಷ್ಟು ವಿಕಿರಣ ತಗುಲಿತೆಂದು ಆಗ ಯಾರೂ ಅಳೆದಿಡಲಿಲ್ಲ. ಅಲ್ಲದೆ ಎಲ್ಲರ ದೇಹವೂ ಒಂದೇ ರೀತಿ ಇರುವುದಿಲ್ಲ. ವಿಕಿರಣವು ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಜೀವಕೋಶ ಅದನ್ನು ದುರಸ್ತಿ ಮಾಡಿಕೊಳ್ಳುತ್ತದೆ. ಈ ದುರಸ್ತಿಯ ಶಕ್ತಿ ಒಬ್ಬರಿಂದ ಒಬ್ಬರಿಗೆ ಬೇರೆ. ಕೆಲವೇ ಕೆಲವರಲ್ಲಿ ಅದು ಹುಟ್ಟಿನಿಂದಲೇ ತೀರಾ ಕಡಿಮೆ. ಆದ್ದರಿಂದಲೇ ಒಂದೇ ಪ್ರಮಾಣದ ವಿಕಿರಣ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರ ಚರ್ಮ ತುಸು ಕೆಂಪಾದರೆ, ಇನ್ನೊಬ್ಬರಿಗೆ ಹುಣ್ಣಾಗಬಹುದು. ಬೆಳೆಯುವ ಮಕ್ಕಳಲ್ಲಿ ಜೀವಕೋಶಗಳು ವೇಗವಾಗಿ ವಿಭಜಿಸುವುದರಿಂದ ಅವರಿಗೆ ಹೆಚ್ಚು ಎಚ್ಚರಿಕೆ ಬೇಕು.

ಹಾಗೆಂದು ಎಕ್ಸ್-ರೇಗೆ ಹೆದರಬೇಡಿ. ಒಂದು ಸಲ ತೆಗೆಯುವಾಗ ತಗುಲುವ ವಿಕಿರಣ ಬಹಳ ಕಡಿಮೆ. ವೈದ್ಯರು ಬೇಕೆಂದರೆ ತೆಗೆಸಿಕೊಳ್ಳಿ, ಬೇಡವೆಂದರೆ ಒತ್ತಾಯಿಸಬೇಡಿ. ಹಳೆಯ ಎಕ್ಸ್-ರೇ ಹಾಳೆಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿ. ಅವುಗಳಿಂದಲೇ ಕೆಲಸವಾದರೆ ಮತ್ತೊಮ್ಮೆ ತೆಗೆಯಬೇಕಾಗುವುದಿಲ್ಲ. ಯಂತ್ರ ನಡೆಸುವವರು ಮಾತ್ರ ದಿನಕ್ಕೆ ಹತ್ತಾರು ಜನರಿಗೆ ಎಕ್ಸ್-ರೇ ತೆಗೆಯುತ್ತಾರೆ, ಅದೂ ವರ್ಷವಿಡೀ. ಅವರು ಮರೆಗೆ ನಿಲ್ಲುವುದೇಕೆಂದು ಈಗ ನೀವೇ ಹೇಳಬಲ್ಲಿರಿ, ಅಲ್ಲವೆ?