ಬಿ ಫಾರ್ ಬೆಲ್

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಹೆಸರು ಹೇಳುವಾಗ ನಾವೆಲ್ಲ ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ ಅಂತೀವಿ. ಬರೀ ಬಿ, ಡಿ ಅಂದ್ರೆ ಆ ಕಡೆಯವರಿಗೆ ಎರಡೂ ಒಂದೇ ಥರ ಕೇಳಿಸುತ್ತೆ. ತಮಾಷೆ ಏನಂದ್ರೆ, ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಮನೆತನದ ಕಸುಬೇ ಸ್ಪಷ್ಟವಾಗಿ ಮಾತಾಡೋದನ್ನ ಕಲಿಸೋದು!

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾತ, ಅಪ್ಪ ಇಬ್ಬರೂ ಉಚ್ಚಾರಣೆ ತಿದ್ದುವ ಮೇಷ್ಟ್ರುಗಳು. ಅಪ್ಪ ಒಂದು ಹೊಸ ಲಿಪಿಯನ್ನೇ ಮಾಡಿದ್ದರು. ಯಾವ ಸದ್ದಿಗೆ ನಾಲಿಗೆ, ತುಟಿ, ಗಂಟಲು ಹೇಗಿರಬೇಕು ಅನ್ನೋದನ್ನ ಅದರ ಗುರುತುಗಳು ತೋರಿಸುತ್ತಿದ್ದವು. ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇಬ್ಬರು ಸೋದರರು ಕ್ಷಯದಿಂದ ತೀರಿಕೊಂಡ ಮೇಲೆ, 1870ರಲ್ಲಿ ಕುಟುಂಬ ಕೆನಡಾಕ್ಕೆ ಹೋಯಿತು. ಮರುವರ್ಷ ಬೆಲ್ ಬಾಸ್ಟನ್‌ನ ಕಿವುಡರ ಶಾಲೆಯಲ್ಲಿ ಅಪ್ಪನ ಲಿಪಿ ಹಿಡಿದು ಪಾಠ ಶುರು ಮಾಡಿದರು. ಅವರ ಶಿಷ್ಯೆ ಮೇಬಲ್‌ಗೆ ಐದನೇ ವಯಸ್ಸಿನಲ್ಲೇ ಕಿವಿ ಹೋಗಿತ್ತು. 1877ರಲ್ಲಿ ಆಕೆಯನ್ನೇ ಮದುವೆಯಾದರು.

ಅದಕ್ಕೂ ಒಂದು ವರ್ಷ ಮೊದಲು, 1876ರ ಮಾರ್ಚ್ 7ರಂದು, ಫೋನಿನ ಪೇಟೆಂಟ್ ಸಿಕ್ಕಿತ್ತು. ಮೂರು ದಿನ ಬಿಟ್ಟು, ಇನ್ನೊಂದು ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ ಅವರನ್ನು ತಂತಿಯಲ್ಲೇ ಕರೆದರು. ವಾಟ್ಸನ್ ಓಡಿ ಬಂದರು.

ಇಷ್ಟೆಲ್ಲ ಮಾಡಿದ ಬೆಲ್ ಒಂದು ವಿಷಯದಲ್ಲಿ ಹಟ ಹಿಡಿದರು. ಕಿವಿ ಕೇಳಿಸದ ಮಕ್ಕಳೂ ಬಾಯಲ್ಲೇ ಮಾತಾಡಬೇಕು, ತುಟಿ ನೋಡಿ ಅರ್ಥ ಮಾಡ್ಕೋಬೇಕು, ಶಾಲೆಯಲ್ಲಿ ಸನ್ನೆ ಭಾಷೆ ಬೇಡ ಅಂತ ವಾದಿಸಿದರು. ಕಿವುಡ ಸಮುದಾಯದ ಅನೇಕರಿಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. 1922ರ ಆಗಸ್ಟ್ 2ರಂದು ಬೆಲ್ ತೀರಿಕೊಂಡರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ಫೋನುಗಳು ಒಂದು ನಿಮಿಷ ಮೌನವಾಗಿದ್ದವು.

ಅವರ ಫೋನ್‌ನಲ್ಲಿ ಅಕ್ಷರ ಗೊಂದಲ ಮಾತ್ರ ಉಳೀತು. ಮಾಮೂಲಿ ಫೋನ್ ಲೈನಿನಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಹೋಗುತ್ತೆ. ಎಸ್, ಎಫ್ ಬೇರೆ ಮಾಡುವ ಸದ್ದು ಬಹುಪಾಲು ಅದರ ಮೇಲಿರುತ್ತೆ. ಬಿ, ಡಿ, ಪಿ, ಟಿ ಎಲ್ಲದರ ಬಾಲವೂ ಒಂದೇ ‘ಈ’. ರೇಡಿಯೋ ಗದ್ದಲದಲ್ಲಂತೂ ಇನ್ನೂ ಕಷ್ಟ. ಅದಕ್ಕೇ ವಿಮಾನದವರು ಅಕ್ಷರದ ಬದಲು ಪದ ಹೇಳ್ತಾರೆ. ಹಲವು ದೇಶಗಳವರಿಂದ ಹೇಳಿಸಿ, ಕೇಳಿಸಿ ಆರಿಸಿದ ಆಲ್ಫಾ, ಬ್ರಾವೋ, ಚಾರ್ಲಿ ಪಟ್ಟಿ 1956ರ ಮಾರ್ಚ್ 1ರಂದು ಜಾರಿಗೆ ಬಂತು.

ಈ ಪಟ್ಟಿ ಮಾಡಿದವರು ಕೇಳುವವರಿಗೆ ಯಾವುದು ಸುಲಭ ಅಂತ ಮೊದಲು ನೋಡಿದರು. ಬೆಲ್ ತಮ್ಮ ತರಗತಿಯಲ್ಲೂ ಹಾಗೇ ನೋಡಿದ್ದರೆ ಎಷ್ಟೋ ಮಕ್ಕಳಿಗೆ ಸನ್ನೆ ಭಾಷೆಯಲ್ಲೇ ಪಾಠ ಸಿಗ್ತಿತ್ತು ಅಂತ ನಮಗನ್ನಿಸುತ್ತೆ.